ಪಹಣಿಯ ಹಾಳೆಯಲ್ಲಿ ಡೇಟಾಬೇಸ್ ಪಾಠ

ನಿಮ್ಮ ಮನೆಯ ಹೊಲದ ಪಹಣಿಯನ್ನು ಎಂದಾದರೂ ಕೈಯಲ್ಲಿ ಹಿಡಿದು ಓದಿದ್ದೀರಾ? ನಮ್ಮ ಕಡೆ ಹಿರಿಯರು ಅದನ್ನು ಉತಾರ ಎಂದೂ ಕರೆಯುತ್ತಾರೆ. ಸೊಸೈಟಿ ಸಾಲಕ್ಕೆಂದೋ, ಬೆಳೆ ವಿಮೆಗೆಂದೋ ತಂದ ಆ ಹಾಳೆ ಕೆಲಸ ಮುಗಿದ ಮೇಲೆ ಟ್ರಂಕಿನ ತಳ ಸೇರುತ್ತದೆ. ಮುಂದಿನ ಮುಂಗಾರಿಗೆ ಮತ್ತೊಂದು ಹಾಳೆ. ಅದರಲ್ಲಿ ಏನು ಬರೆದಿದೆ ಎಂದು ಓದುವವರು ಕಡಿಮೆ. ಆ ಬರಹ ಎಲ್ಲಿಂದ ಬಂತು, ಗುಂಡಿ ಒತ್ತಿದೊಡನೆ ಹೇಗೆ ಬಂತು ಎಂದು ಕೇಳುವವರು ಇನ್ನೂ ಕಡಿಮೆ.

ದ್ವಿತೀಯ ಪಿಯುಸಿಯ ಗಣಕವಿಜ್ಞಾನದ ಪುಸ್ತಕದಲ್ಲಿ ‘ಡೇಟಾಬೇಸ್’ ಎಂಬ ಪಾಠವಿದೆ. ಕನ್ನಡದಲ್ಲಿ ದತ್ತಸಂಚಯ ಎನ್ನುತ್ತೇವೆ. ಅನೇಕ ವಿದ್ಯಾರ್ಥಿಗಳು ಅದರ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮರೆತುಬಿಡುತ್ತಾರೆ. ಆದರೆ ಆ ಪಾಠದ ಎಲ್ಲ ಮುಖ್ಯ ಸಂಗತಿಗಳೂ ಮನೆಯ ಟ್ರಂಕಿನಲ್ಲಿರುವ ಈ ಒಂದು ಹಾಳೆಯಲ್ಲಿ ಅಡಗಿವೆ.

ಕಲ್ಲು, ಕಾಗದ, ಗಣಕ

ಮಾಹಿತಿಯನ್ನು ಬರೆದಿಡುವ ಅಭ್ಯಾಸ ನಮ್ಮ ಸೀಮೆಗೆ ಹೊಸದಲ್ಲ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ. ಅವು ಕ್ರಿಸ್ತಪೂರ್ವ 3ನೆಯ ಶತಮಾನದವು. ಇಟಗಿಯ ಮಹಾದೇವ ದೇವಾಲಯ 1112ರದು. ಆ ಕಾಲದ ದಾನಶಾಸನಗಳಲ್ಲಿ ಯಾರು, ಯಾವ ದೇವರಿಗೆ, ಎಷ್ಟು ಭೂಮಿ ಕೊಟ್ಟರು, ಅದರ ಎಲ್ಲೆ ಯಾವುದು ಎಂಬುದನ್ನು ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಕಲ್ಲಿನ ಬರಹ ಅಳಿಯುವುದಿಲ್ಲ. ಆದರೆ ತಿದ್ದಲೂ ಬರುವುದಿಲ್ಲ. ದಾನ ಶಾಶ್ವತವೆಂದು ಭಾವಿಸಿದ ಕಾಲಕ್ಕೆ ಅದು ಸರಿ. ಹೊಲ ಮಾರಾಟವಾಗುವ, ಅಣ್ಣತಮ್ಮಂದಿರಲ್ಲಿ ಪಾಲಾಗುವ ವ್ಯವಹಾರಕ್ಕೆ ಕಲ್ಲು ಒಗ್ಗುವುದಿಲ್ಲ.

ಆಮೇಲೆ ಕಾಗದ ಬಂತು. ಊರಿನ ಕುಲಕರ್ಣಿಯ ದಫ್ತರ, ಆನಂತರ ಗ್ರಾಮ ಲೆಕ್ಕಾಧಿಕಾರಿಯ ರಿಜಿಸ್ಟರು. ಕಾಗದವನ್ನು ತಿದ್ದಬಹುದು. ತೊಂದರೆಯೂ ಅಲ್ಲಿಯೇ ಇತ್ತು. ಪುಸ್ತಕ ಒಂದೇ, ಅದು ಒಬ್ಬರ ಕೈಯಲ್ಲಿ. ಅವರು ಊರಿನಲ್ಲಿಲ್ಲದಿದ್ದರೆ ರೈತ ಕಾಯಬೇಕು. ಯಾರು ಯಾವಾಗ ತಿದ್ದಿದರು ಎಂಬುದಕ್ಕೆ ಸಾಕ್ಷಿ ಸಿಗುವುದು ಕಷ್ಟ. ಪುಸ್ತಕವು ಸರ್ವೆ ನಂಬರಿನ ಕ್ರಮದಲ್ಲಿ ಇದ್ದರೆ, ‘ಈ ರೈತನಿಗೆ ಒಟ್ಟು ಎಷ್ಟು ಭೂಮಿ ಇದೆ?’ ಎಂಬ ಪ್ರಶ್ನೆಗೆ ಉತ್ತರಿಸಲು ಇಡೀ ಪುಸ್ತಕ ತಿರುವಬೇಕು.

ಕರ್ನಾಟಕ ಸರ್ಕಾರ ಈ ಪುಸ್ತಕಗಳನ್ನು ಗಣಕಕ್ಕೆ ಏರಿಸಲು ಕೈಗೊಂಡ ಯೋಜನೆಯೇ ‘ಭೂಮಿ’. ತಂತ್ರಾಂಶ ಸಿದ್ಧಪಡಿಸಿದ್ದು ರಾಷ್ಟ್ರೀಯ ಮಾಹಿತಿ ಕೇಂದ್ರ. 1999ರಲ್ಲಿ ಮದ್ದೂರು ತಾಲ್ಲೂಕಿನಲ್ಲಿ ಮೊದಲ ಕೇಂದ್ರ ಆರಂಭವಾಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ರಾಜ್ಯದ ಎಲ್ಲ ತಾಲ್ಲೂಕುಗಳಿಗೂ ಅದು ಹಬ್ಬಿತು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ತುಂಬಲಾಯಿತು. ಆರಂಭದಲ್ಲಿ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಸಿಗುತ್ತಿತ್ತು. ದತ್ತಸಂಚಯಕ್ಕೆ ಇದಕ್ಕಿಂತ ಹತ್ತಿರದ, ದೊಡ್ಡ ಉದಾಹರಣೆ ನಮಗೆ ಬೇರೆ ಬೇಕಿಲ್ಲ.

ಅಡ್ಡಸಾಲು ಮತ್ತು ಕಂಬಸಾಲು

ಹಗೇವಿಗೆ ಜೋಳ, ಸಜ್ಜೆ, ಕಡಲೆ ಎಲ್ಲವನ್ನೂ ಒಟ್ಟಿಗೆ ಸುರಿದರೆ ಧಾನ್ಯ ಇದ್ದೂ ಇಲ್ಲದಂತೆ. ಬೇಕಾದಾಗ ಬೇಕಾದದ್ದು ಕೈಗೆ ಸಿಗುವುದಿಲ್ಲ. ಮಾಹಿತಿಯೂ ಹಾಗೆಯೇ. ಬೇಕೆಂದಾಗ ಸಿಗುವಂತೆ, ಒಂದು ಕಟ್ಟಳೆಗೆ ಒಳಪಡಿಸಿ ಇಟ್ಟ ಮಾಹಿತಿಯ ಸಂಗ್ರಹವೇ ದತ್ತಸಂಚಯ.

ಅದರ ಅತ್ಯಂತ ಪರಿಚಿತ ರೂಪ ಕೋಷ್ಟಕ. ಗಣಿತದಲ್ಲಿ ಕಲಿತ ಅಡ್ಡಸಾಲು, ಕಂಬಸಾಲುಗಳೇ ಇಲ್ಲಿಯೂ ಇವೆ. ಒಂದು ಅಡ್ಡಸಾಲು ಎಂದರೆ ಒಂದು ವಸ್ತುವಿನ ಅಥವಾ ಒಬ್ಬ ವ್ಯಕ್ತಿಯ ಪೂರ್ಣ ವಿವರ. ಒಂದು ಕಂಬಸಾಲು ಎಂದರೆ ಒಂದು ಗುಣ. ಹೊಲದ ಕೋಷ್ಟಕದಲ್ಲಿ ಸರ್ವೆ ನಂಬರ್ ಒಂದು ಕಂಬಸಾಲು, ಹಿಸ್ಸಾ ನಂಬರ್ ಇನ್ನೊಂದು, ಎಕರೆ ಮತ್ತೊಂದು, ಗುಂಟೆ ಮಗದೊಂದು.

ಪ್ರತಿ ಕಂಬಸಾಲಿಗೂ ಒಂದು ನಿಯಮ ಹಾಕಬಹುದು. 40 ಗುಂಟೆಗೆ ಒಂದು ಎಕರೆ ಎಂಬುದು ನಿಮಗೆ ಗೊತ್ತು. ಆದ್ದರಿಂದ ಗುಂಟೆಯ ಮನೆಯಲ್ಲಿ 0ರಿಂದ 39ರವರೆಗಿನ ಅಂಕಿ ಮಾತ್ರ ಬರಬೇಕು. ಯಾರಾದರೂ 45 ಎಂದು ಬೆರಳಚ್ಚಿಸಿದರೆ ಗಣಕ ಅದನ್ನು ತಿರಸ್ಕರಿಸುವಂತೆ ಮೊದಲೇ ಹೇಳಿಡಬಹುದು. ಇನ್ನೊಂದು ನಿಯಮ: ಒಂದು ಹೊಲಕ್ಕೆ ಮೂವರು ಪಾಲುದಾರರಿದ್ದರೆ ಮೂವರ ವಿಸ್ತೀರ್ಣ ಕೂಡಿದಾಗ ಹೊಲದ ಒಟ್ಟು ವಿಸ್ತೀರ್ಣಕ್ಕೆ ತಾಳೆಯಾಗಬೇಕು. ಕಾಗದದ ಪುಸ್ತಕ ಏನು ಬರೆದರೂ ಸುಮ್ಮನಿರುತ್ತದೆ. ಚೆನ್ನಾಗಿ ರೂಪಿಸಿದ ದತ್ತಸಂಚಯ ‘ಇದು ಕೂಡುವುದಿಲ್ಲ’ ಎನ್ನುತ್ತದೆ.

ಹೆಸರೊಂದೇ ಸಾಲದು

ಹಾಜರಿ ಕೂಗುವ ಶಿಕ್ಷಕರಿಗೆಲ್ಲ ಗೊತ್ತಿರುವ ಸಂಗತಿ ಇದು: ಒಂದೇ ತರಗತಿಯಲ್ಲಿ ಮೂವರು ಮಂಜುನಾಥರು ಇರುತ್ತಾರೆ. ಅದಕ್ಕೇ ಕ್ರಮಾಂಕ. ಒಂದು ಅಡ್ಡಸಾಲನ್ನು ಉಳಿದೆಲ್ಲ ಸಾಲುಗಳಿಂದ ಬೇರೆಯಾಗಿ ಗುರುತಿಸುವ ಕಂಬಸಾಲಿಗೆ ದತ್ತಸಂಚಯದ ಭಾಷೆಯಲ್ಲಿ ಕೀಲಿ ಎನ್ನುತ್ತಾರೆ. ಎಸ್ಸೆಸ್ಸೆಲ್ಸಿಯ ನೋಂದಣಿ ಸಂಖ್ಯೆ, ಶಾಲೆಯ ದಾಖಲೆಯಲ್ಲಿ ನಿಮಗೆ ಕೊಟ್ಟಿರುವ ಎಸ್‌ಎಟಿಎಸ್ ಸಂಖ್ಯೆ, ಬ್ಯಾಂಕಿನ ಖಾತೆ ಸಂಖ್ಯೆ ಇವೆಲ್ಲ ಕೀಲಿಗಳೇ.

ಹೊಲಕ್ಕೆ ಸರ್ವೆ ನಂಬರ್ ಒಂದೇ ಕೀಲಿಯಾಗಲಾರದು. ಸರ್ವೆ ನಂಬರ್ 12 ಕುಷ್ಟಗಿ ತಾಲ್ಲೂಕಿನ ಊರೂರಿನಲ್ಲೂ ಇರುತ್ತದೆ. ಗ್ರಾಮ, ಸರ್ವೆ ನಂಬರ್, ಹಿಸ್ಸಾ ನಂಬರ್ ಇವೆಲ್ಲ ಸೇರಿದಾಗ ಮಾತ್ರ ಇಂಥದೇ ಹೊಲ ಎಂದು ಖಚಿತವಾಗಿ ಹೇಳಬಹುದು. ಹೀಗೆ ಹಲವು ಕಂಬಸಾಲುಗಳು ಕೂಡಿ ಆಗುವ ಕೀಲಿಯನ್ನು ಸಂಯುಕ್ತ ಕೀಲಿ ಎನ್ನಬಹುದು.

ಹೆಸರಿನಲ್ಲಿ ಇನ್ನೊಂದು ತೊಡಕಿದೆ. ಹನುಮಪ್ಪ, ಹನಮಪ್ಪ, ಹಣಮಪ್ಪ ಇವು ಮೂರೂ ಊರಿನವರಿಗೆ ಒಬ್ಬನೇ ಮನುಷ್ಯ. ಗಣಕಕ್ಕೆ ಇವರು ಮೂವರು ಬೇರೆ ಬೇರೆ. ಅದು ಅಕ್ಷರ ಅಕ್ಷರವನ್ನು ಹೋಲಿಸುತ್ತದೆ. ಮುಖ ನೋಡುವುದಿಲ್ಲ.

ಒಂದು ಸಂಗತಿ, ಒಂದೇ ಕಡೆ

ಎಲ್ಲ ವಿವರವನ್ನೂ ಒಂದೇ ದೊಡ್ಡ ಕೋಷ್ಟಕದಲ್ಲಿ ತುಂಬಿದರೆ ಆಗದೇ? ಆಗುತ್ತದೆ. ಆದರೆ ಅದರಿಂದ ಬರುವ ಕಷ್ಟಕ್ಕೆ ನಮ್ಮ ಜಿಲ್ಲೆಯೇ ಉದಾಹರಣೆ.

ಇಟಗಿಯ ದೇವಾಲಯ ಒಂಬೈನೂರು ವರ್ಷಗಳಿಂದ ಅಲ್ಲಿಯೇ ಇದೆ. ಅದರ ವಿಳಾಸ ಮಾತ್ರ ನಿಂತಿಲ್ಲ. 1956ರವರೆಗೆ ಈ ಪ್ರದೇಶ ಹೈದರಾಬಾದ್ ರಾಜ್ಯದಲ್ಲಿತ್ತು. ಆಮೇಲೆ ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲ್ಲೂಕುಗಳು ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದವು. 2017ರಲ್ಲಿ ಸರ್ಕಾರ ಘೋಷಿಸಿದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಕುಕನೂರು, ಕನಕಗಿರಿ, ಕಾರಟಗಿ ಸೇರಿದವು. ಯಲಬುರ್ಗಾದಲ್ಲಿದ್ದ ಇಟಗಿ ಈಗ ಕುಕನೂರು ತಾಲ್ಲೂಕಿನಲ್ಲಿದೆ.

ಈಗ ಯೋಚಿಸಿ. ಪ್ರತಿ ಪಹಣಿಯ ಸಾಲಿನಲ್ಲೂ ‘ತಾಲ್ಲೂಕು: ಯಲಬುರ್ಗಾ, ಜಿಲ್ಲೆ: ರಾಯಚೂರು’ ಎಂದು ಬರೆದಿದ್ದರೆ ಎಷ್ಟು ಸಾಲುಗಳನ್ನು ತಿದ್ದಬೇಕಿತ್ತು? ಸಾವಿರಾರು. ತಿದ್ದುವಾಗ ನಡುವೆ ಹತ್ತು ಸಾಲು ಕಣ್ತಪ್ಪಿದರೆ ಒಂದೇ ಊರಿನ ಕೆಲವು ಹೊಲಗಳು ರಾಯಚೂರಿನಲ್ಲಿ, ಉಳಿದವು ಕೊಪ್ಪಳದಲ್ಲಿ!

ಇದಕ್ಕೆ ಪರಿಹಾರ, ಒಂದು ಸಂಗತಿಯನ್ನು ಒಂದೇ ಕಡೆ ಬರೆಯುವುದು. ಕೋಷ್ಟಕವನ್ನು ಒಡೆದು ಹೀಗೆ ಹಂಚೋಣ.

ಮೊದಲನೆಯದು ತಾಲ್ಲೂಕುಗಳ ಕೋಷ್ಟಕ. ಇದರಲ್ಲಿ ತಾಲ್ಲೂಕಿನ ಸಂಖ್ಯೆ, ಹೆಸರು, ಅದು ಸೇರಿದ ಜಿಲ್ಲೆ.
ಎರಡನೆಯದು ಗ್ರಾಮಗಳ ಕೋಷ್ಟಕ. ಗ್ರಾಮದ ಸಂಖ್ಯೆ, ಹೆಸರು, ಅದು ಸೇರಿದ ತಾಲ್ಲೂಕಿನ ಸಂಖ್ಯೆ.
ಮೂರನೆಯದು ಹೊಲಗಳ ಕೋಷ್ಟಕ. ಹೊಲದ ಸಂಖ್ಯೆ, ಗ್ರಾಮದ ಸಂಖ್ಯೆ, ಸರ್ವೆ ನಂಬರ್, ಹಿಸ್ಸಾ ನಂಬರ್, ವಿಸ್ತೀರ್ಣ.
ನಾಲ್ಕನೆಯದು ರೈತರ ಕೋಷ್ಟಕ. ರೈತನ ಸಂಖ್ಯೆ, ಹೆಸರು, ತಂದೆ ಅಥವಾ ಗಂಡನ ಹೆಸರು.
ಐದನೆಯದು ಹಕ್ಕುಗಳ ಕೋಷ್ಟಕ. ಯಾವ ಹೊಲದಲ್ಲಿ ಯಾವ ರೈತನಿಗೆ ಎಷ್ಟು ಪಾಲು.

ಈಗ ಇಟಗಿ ಯಲಬುರ್ಗಾದಿಂದ ಕುಕನೂರಿಗೆ ಹೋದರೆ ಗ್ರಾಮಗಳ ಕೋಷ್ಟಕದಲ್ಲಿ ಒಂದು ಸಾಲಿನ ಒಂದು ಅಂಕಿಯನ್ನು ಬದಲಿಸಿದರೆ ಸಾಕು. ನಾಲ್ಕು ತಾಲ್ಲೂಕುಗಳು ರಾಯಚೂರಿನಿಂದ ಕೊಪ್ಪಳಕ್ಕೆ ಬಂದರೆ ತಾಲ್ಲೂಕುಗಳ ಕೋಷ್ಟಕದಲ್ಲಿ ನಾಲ್ಕೇ ಸಾಲು. ಹೊಲಗಳ ಕೋಷ್ಟಕವನ್ನು ಮುಟ್ಟಲೇಬೇಕಿಲ್ಲ.

ಐದನೆಯ ಕೋಷ್ಟಕ ಏಕೆ ಎಂದು ಕೇಳಬಹುದು. ಒಬ್ಬ ರೈತನಿಗೆ ಮೂರು ಕಡೆ ಹೊಲವಿರುತ್ತದೆ. ಒಂದು ಹೊಲಕ್ಕೆ ನಾಲ್ವರು ವಾರಸುದಾರರಿರುತ್ತಾರೆ. ಎರಡೂ ಕಡೆಯಿಂದ ‘ಹಲವು’ ಎಂಬ ಸಂಬಂಧವಿದ್ದಾಗ ನಡುವೆ ಇಂಥ ಕೊಂಡಿ ಕೋಷ್ಟಕ ಬೇಕಾಗುತ್ತದೆ. ‘ಭೂಮಿ’ಯ ಒಳರಚನೆ ಇದಕ್ಕಿಂತ ಎಷ್ಟೋ ವಿಸ್ತಾರವಾದದ್ದು. ಇಲ್ಲಿ ತತ್ವವನ್ನಷ್ಟೇ ನೋಡುತ್ತಿದ್ದೇವೆ.

ಈ ತತ್ವವನ್ನು ಜಗತ್ತಿಗೆ ಕೊಟ್ಟವನು ಎಡ್ಗರ್ ಕಾಡ್. ಇಂಗ್ಲೆಂಡಿನಲ್ಲಿ ಹುಟ್ಟಿದ ಗಣಿತಜ್ಞ, ಅಮೆರಿಕದ ಐಬಿಎಂ ಸಂಸ್ಥೆಯಲ್ಲಿ ಸಂಶೋಧಕನಾಗಿದ್ದವನು. 1970ರಲ್ಲಿ ಅವನು ಪ್ರಕಟಿಸಿದ ಪ್ರಬಂಧ ‘ಸಂಬಂಧಾತ್ಮಕ ಮಾದರಿ’ಗೆ ಅಡಿಗಲ್ಲು ಹಾಕಿತು. ಅದರ ಮೂಲದಲ್ಲಿರುವುದು ನೀವು ಗಣಿತದಲ್ಲಿ ಕಲಿಯುವ ಗಣಗಳು ಮತ್ತು ಸಂಬಂಧಗಳು. ‘ಗಣಗಳಿಂದ ಏನು ಪ್ರಯೋಜನ ಸಾರ್?’ ಎಂದು ಕೇಳುವ ಹುಡುಗರಿಗೆ ಇಲ್ಲಿದೆ ಉತ್ತರ. 1981ರಲ್ಲಿ ಕಾಡ್‌ಗೆ ಗಣಕವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಸಿಕ್ಕಿತು.

ಒಡೆದಿಟ್ಟ ಕೋಷ್ಟಕಗಳನ್ನು ಬೇಕಾದಾಗ ಮತ್ತೆ ಕೂಡಿಸಬೇಕು. ಆ ಕೆಲಸಕ್ಕೆ ಎಸ್‌ಕ್ಯೂಎಲ್ ಎಂಬ ಪ್ರಶ್ನಾಭಾಷೆ ಇದೆ. 1970ರ ದಶಕದಲ್ಲಿ ಐಬಿಎಂನಲ್ಲೇ ರೂಪುಗೊಂಡದ್ದು. ಅದರ ಧಾಟಿಯನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಿರುತ್ತದೆ: ‘ಗ್ರಾಮ, ಹೊಲ, ಹಕ್ಕು, ರೈತ ಈ ನಾಲ್ಕು ಕೋಷ್ಟಕಗಳನ್ನು ಕೂಡಿಸು, ಗ್ರಾಮ ಇಟಗಿ, ಸರ್ವೆ ನಂಬರ್ 12 ಆಗಿರುವ ಸಾಲುಗಳನ್ನು ಆರಿಸು, ರೈತನ ಹೆಸರು ಮತ್ತು ಪಾಲನ್ನು ತೋರಿಸು.’ ಏನು ಬೇಕು ಎಂಬುದನ್ನು ನಾವು ಹೇಳುತ್ತೇವೆ. ಹೇಗೆ ಹುಡುಕಬೇಕು ಎಂಬುದನ್ನು ಗಣಕ ನಿರ್ಧರಿಸುತ್ತದೆ.

ಎರಡು ಕೋಟಿಯಲ್ಲಿ ಒಂದು

2 ಕೋಟಿ ಪಹಣಿಗಳಲ್ಲಿ ನಿಮ್ಮದನ್ನು ಹುಡುಕಬೇಕು. ಒಂದೊಂದನ್ನೇ, ಸೆಕೆಂಡಿಗೆ ಒಂದರಂತೆ, ಹಗಲೂ ರಾತ್ರಿ ನೋಡುತ್ತ ಹೋದರೆ ಕೊನೆಯದನ್ನು ತಲುಪಲು ಸುಮಾರು 231 ದಿನ ಬೇಕು.

ಅವು ಕ್ರಮವಾಗಿ ಜೋಡಿಸಿದ್ದರೆ? ನಿಘಂಟಿನಲ್ಲಿ ಪದ ಹುಡುಕುವಂತೆ ನಡುವಿನ ಪುಟ ತೆರೆಯಿರಿ. ನಿಮ್ಮದು ಹಿಂದಿದೆಯೋ ಮುಂದಿದೆಯೋ ನೋಡಿ. ಅರ್ಧ ಭಾಗ ಹೋಯಿತು, 1 ಕೋಟಿ ಉಳಿಯಿತು. ಮತ್ತೆ ನಡುವೆ ನೋಡಿ, 50 ಲಕ್ಷ ಉಳಿಯಿತು. 2ರ ಘಾತ 24 ಎಂದರೆ 1,67,77,216. 2ರ ಘಾತ 25 ಎಂದರೆ 3,35,54,432. ಆದ್ದರಿಂದ 2 ಕೋಟಿಯಲ್ಲಿ ಒಂದನ್ನು ಹುಡುಕಲು 25 ಸಲ ನೋಡಿದರೆ ಸಾಕು. 231 ದಿನದ ಕೆಲಸ ಅರ್ಧ ನಿಮಿಷಕ್ಕೆ ಇಳಿಯಿತು.

ಪುಸ್ತಕದ ಕೊನೆಯ ಪದಸೂಚಿಯಂತೆ ಗಣಕವೂ ಒಂದು ಸೂಚಿಯನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳುತ್ತದೆ. ಇದರ ಪ್ರಸಿದ್ಧ ರೂಪ ‘ಬಿ-ಟ್ರೀ’. ಬೋಯಿಂಗ್ ಸಂಸ್ಥೆಯಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ 1970ರ ಸುಮಾರಿಗೆ ಇದನ್ನು ರೂಪಿಸಿದರು. ಇದರಲ್ಲಿ ಪ್ರತಿ ಕವಲಿನಲ್ಲೂ ಎರಡರ ಬದಲು ನೂರಾರು ಕೊಂಬೆಗಳಿರುತ್ತವೆ. ಪ್ರತಿ ಕವಲಿಗೆ 100 ಕೊಂಬೆ ಎಂದರೂ ನಾಲ್ಕು ಹೆಜ್ಜೆಯಲ್ಲಿ 100ರ ಘಾತ 4, ಅಂದರೆ 10 ಕೋಟಿ ದಾಖಲೆಗಳ ತನಕ ತಲುಪಬಹುದು. ಇಡೀ ಕರ್ನಾಟಕದ ಪಹಣಿಗಳಿಗೆ ನಾಲ್ಕೇ ಹೆಜ್ಜೆ!

ನಡುವೆ ಕರೆಂಟ್ ಹೋದರೆ?

ಒಬ್ಬ ರೈತನಿಗೆ 5 ಎಕರೆ ಇದೆ. ಅದರಲ್ಲಿ 2 ಎಕರೆ ಇನ್ನೊಬ್ಬರಿಗೆ ಮಾರುತ್ತಾನೆ ಎಂದಿಟ್ಟುಕೊಳ್ಳೋಣ. ಗಣಕದಲ್ಲಿ ಎರಡು ಬದಲಾವಣೆ ಆಗಬೇಕು. ಮಾರಿದವನ ಪಾಲು 5ರಿಂದ 3ಕ್ಕೆ ಇಳಿಯಬೇಕು. ಕೊಂಡವನ ಹೆಸರಿಗೆ 2 ಎಕರೆ ಏರಬೇಕು. ಮೊದಲನೆಯದು ಆಗಿ ಎರಡನೆಯದು ಆಗುವ ಮೊದಲು ಕರೆಂಟ್ ಹೋಯಿತು. ಆ 2 ಎಕರೆ ಯಾರದು?

ದತ್ತಸಂಚಯ ಇದನ್ನು ಮೊದಲೇ ಊಹಿಸಿರುತ್ತದೆ. ಎರಡೂ ಬದಲಾವಣೆಗಳನ್ನು ಬಿಡಿಸಲಾಗದ ಒಂದೇ ಗಂಟು ಎಂದು ಪರಿಗಣಿಸುತ್ತದೆ. ಆದರೆ ಎರಡೂ, ಇಲ್ಲವಾದರೆ ಒಂದೂ ಇಲ್ಲ. ತಾನು ಮಾಡಲಿರುವುದನ್ನು ಮೊದಲು ಒಂದು ದಿನಚರಿಯಲ್ಲಿ ಬರೆದುಕೊಂಡು ಆಮೇಲೆ ಕೋಷ್ಟಕವನ್ನು ಮುಟ್ಟುತ್ತದೆ. ಕರೆಂಟ್ ಬಂದ ಮೇಲೆ ಆ ದಿನಚರಿ ಓದಿ, ಅರ್ಧವಾದ ಕೆಲಸವನ್ನು ಪೂರ್ಣಗೊಳಿಸುತ್ತದೆ ಅಥವಾ ಪೂರ್ತಿ ಅಳಿಸಿ ಹಿಂದಿನ ಸ್ಥಿತಿಗೆ ತರುತ್ತದೆ. ಇದಕ್ಕೆ ಟ್ರಾನ್ಸಾಕ್ಷನ್ ಎಂದು ಹೆಸರು. ಈ ವಿಷಯದಲ್ಲಿ ಮಹತ್ವದ ಕೆಲಸ ಮಾಡಿದ ಜಿಮ್ ಗ್ರೇ 1998ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದ. ಎಟಿಎಂನಲ್ಲಿ ಹಣ ತೆಗೆಯುವಾಗ, ಫೋನಿನಲ್ಲಿ ಹಣ ಕಳಿಸುವಾಗ ನಮ್ಮ ದುಡ್ಡನ್ನು ಕಾಯುವುದು ಇದೇ ತತ್ವ.

ಯಾರು ತಿದ್ದಿದರು ಎಂಬ ಹಳೆಯ ಪ್ರಶ್ನೆಗೂ ಇಲ್ಲಿ ಉತ್ತರವಿದೆ. ‘ಭೂಮಿ’ಯಲ್ಲಿ ದಾಖಲೆ ತಿದ್ದುವ ಸಿಬ್ಬಂದಿ ತಮ್ಮ ಬೆರಳಚ್ಚು ಒತ್ತಿಯೇ ಒಳಹೋಗಬೇಕೆಂಬ ವ್ಯವಸ್ಥೆ ಬಂತು. ನೋಡುವ ಅಧಿಕಾರ ಎಲ್ಲರಿಗೆ, ತಿದ್ದುವ ಅಧಿಕಾರ ಕೆಲವರಿಗೆ, ಒಪ್ಪಿಗೆ ಕೊಡುವ ಅಧಿಕಾರ ಇನ್ನೂ ಕೆಲವರಿಗೆ ಎಂದು ಹಂಚುವುದೂ ದತ್ತಸಂಚಯದ ಒಂದು ಮುಖ್ಯ ಗುಣ.

ಗಣಕ ಅರಿಯದ ಸತ್ಯ

ಇಷ್ಟೆಲ್ಲ ಜಾಣತನವಿದ್ದರೂ ದತ್ತಸಂಚಯಕ್ಕೆ ಒಂದು ಮಿತಿ ಇದೆ. ತುಂಬಿದ್ದನ್ನು ಮಾತ್ರ ಅದು ಕೊಡುತ್ತದೆ. ಕಾಗದದಲ್ಲಿದ್ದ ತಪ್ಪನ್ನು ಗಣಕಕ್ಕೆ ಏರಿಸಿದರೆ ತಪ್ಪು ಸರಿಯಾಗುವುದಿಲ್ಲ, ಅಚ್ಚುಕಟ್ಟಾಗಿ ಮುದ್ರಣವಾಗಿ ಬರುತ್ತದೆ. ಗುಂಟೆಯ ಜಾಗದಲ್ಲಿ 45 ಬಂದರೆ ಗಣಕ ಹಿಡಿಯಬಲ್ಲದು. 15 ಇರಬೇಕಾದಲ್ಲಿ 25 ಬಂದರೆ, ಒಟ್ಟು ಮೊತ್ತವೂ ಅದಕ್ಕೆ ತಾಳೆಯಾಗುವಂತಿದ್ದರೆ, ಅದಕ್ಕೆ ಗೊತ್ತಾಗುವುದಿಲ್ಲ. ಹೊಲದ ಬದುವಿನ ಮೇಲೆ ನಡೆದಾಡಿದವನಿಗಷ್ಟೇ ಅದು ಗೊತ್ತು.

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಅಜ್ಜ ತೀರಿಕೊಂಡು ಎಷ್ಟೋ ವರ್ಷಗಳಾಗಿರುತ್ತವೆ. ಪಹಣಿಯ 9ನೆಯ ಅಂಕಣದಲ್ಲಿ ಇನ್ನೂ ಅಜ್ಜನ ಹೆಸರೇ ಇರುತ್ತದೆ. ಉಳುವವರು ಮಕ್ಕಳು, ದಾಖಲೆಯಲ್ಲಿ ಇರುವವರು ಅಜ್ಜ. ಯಾರೂ ಬಂದು ಹೇಳದ ಹೊರತು ಗಣಕದ ಪಾಲಿಗೆ ಅಜ್ಜ ಬದುಕಿಯೇ ಇದ್ದಾರೆ. 2024ರಲ್ಲಿ ಕಂದಾಯ ಇಲಾಖೆ ಪಹಣಿಗಳಿಗೆ ಆಧಾರ್ ಜೋಡಿಸುವ ಕೆಲಸ ಕೈಗೊಂಡಾಗ, ಮೃತರ ಹೆಸರಿನಲ್ಲೇ ಉಳಿದ ಪಹಣಿಗಳು ರಾಜ್ಯದಲ್ಲಿ ಬಹಳಷ್ಟಿವೆ ಎಂಬುದು ಬೆಳಕಿಗೆ ಬಂತು.

ಹಿಂದೆ ಇದರಿಂದ ದಿನನಿತ್ಯದ ಬಾಳ್ವೆಗೆ ಅಷ್ಟು ಅಡ್ಡಿಯಾಗುತ್ತಿರಲಿಲ್ಲ. ಊರಿನವರಿಗೆಲ್ಲ ಗೊತ್ತಿತ್ತಲ್ಲ! ಈಗ ಹಾಗಿಲ್ಲ. ಒಂದು ದತ್ತಸಂಚಯ ಇನ್ನೊಂದನ್ನು ಕೇಳುತ್ತದೆ. ರೈತರಿಗೆ ಗುರುತಿನ ಸಂಖ್ಯೆ ಕೊಡುವ ‘ಫ್ರೂಟ್ಸ್’ ದತ್ತಸಂಚಯ ಭೂಮಿಯ ದಾಖಲೆಯನ್ನು ನೋಡುತ್ತದೆ. ನೋಂದಣಿ ಇಲಾಖೆಯ ‘ಕಾವೇರಿ’ಗೂ ‘ಭೂಮಿ’ಗೂ ಕೊಂಡಿ ಇದೆ. ಬೆಳೆ ಸಾಲ, ವಿಮೆ, ಬರ ಪರಿಹಾರ ಎಲ್ಲಕ್ಕೂ ಕೀಲಿ ಕೀಲಿಗೆ ಹೊಂದಬೇಕು. ಹೊಂದದಿದ್ದರೆ ಸಾಲು ಸಿಗುವುದಿಲ್ಲ. ಸಾಲು ಸಿಗದಿದ್ದರೆ ಪರಿಹಾರವೂ ಇಲ್ಲ. ಕುಷ್ಟಗಿ, ಯಲಬುರ್ಗಾಗಳ ಮಳೆಯಾಶ್ರಿತ ಹೊಲದವರಿಗೆ ಬರದ ವರ್ಷದಲ್ಲಿ ಇದರ ಬೆಲೆ ಏನೆಂದು ವಿವರಿಸಬೇಕಿಲ್ಲ.

ಕಾನೂನು ಕೂಡ ಈ ಬರಹಕ್ಕೆ ತೂಕ ಕೊಟ್ಟಿದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೆಯ ಕಲಮಿನ ಪ್ರಕಾರ, ಹಕ್ಕು ದಾಖಲೆಯಲ್ಲಿರುವ ನಮೂದನ್ನು ಸುಳ್ಳೆಂದು ಸಾಬೀತಾಗುವವರೆಗೆ ಅಥವಾ ಕಾನೂನುಬದ್ಧವಾಗಿ ಹೊಸ ನಮೂದು ಬರುವವರೆಗೆ ನಿಜವೆಂದೇ ಭಾವಿಸಬೇಕು. ಅಂದರೆ ತಪ್ಪಿದೆ ಎಂದು ತೋರಿಸುವ ಹೊಣೆ ತಪ್ಪಿನಿಂದ ನೊಂದವರ ಮೇಲೆಯೇ ಬೀಳುತ್ತದೆ.

ಮನೆಗೆಲಸ

ಆದ್ದರಿಂದ ಈ ಭಾನುವಾರ ವಿದ್ಯಾರ್ಥಿಗಳಿಗೂ ಪಾಲಕರಿಗೂ ಕೂಡಿ ಒಂದು ಮನೆಗೆಲಸ. ಟ್ರಂಕಿನಿಂದ ಪಹಣಿ ತೆಗೆಯಿರಿ. ಅಪ್ಪ ಅವ್ವನಿಗೆ ಓದು ಬಾರದಿದ್ದರೆ ಮಕ್ಕಳು ಗಟ್ಟಿಯಾಗಿ ಓದಿ ಹೇಳಲಿ. ಗ್ರಾಮ, ಸರ್ವೆ ನಂಬರ್, ಹಿಸ್ಸಾ ನಂಬರ್ ಸರಿಯೇ? 9ನೆಯ ಅಂಕಣದಲ್ಲಿ ಇರುವವರು ಬದುಕಿದ್ದಾರೆಯೇ? ಅವರ ಹೆಸರಿನ ಕಾಗುಣಿತ ಆಧಾರ್ ಮತ್ತು ಬ್ಯಾಂಕಿನ ಪಾಸ್‌ಬುಕ್‌ನಲ್ಲಿರುವಂತೆಯೇ ಇದೆಯೇ? ಪಾಲುಗಳನ್ನು ಕೂಡಿದರೆ ಒಟ್ಟು ವಿಸ್ತೀರ್ಣ ಬರುತ್ತದೆಯೇ? ಗುಂಟೆ 40 ದಾಟಿದರೆ ಎಕರೆಗೆ ಏರಿಸಲು ಮರೆಯಬೇಡಿ. 11ನೆಯ ಅಂಕಣದಲ್ಲಿ ತೀರಿಸಿದ ಸಾಲ ಇನ್ನೂ ಕೂತಿದೆಯೇ?

ಅಜ್ಜನ ಹೆಸರೇ ಉಳಿದಿದ್ದರೆ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ಪೌತಿ ಖಾತೆ ಬದಲಾವಣೆಗೆ ನಾಡಕಚೇರಿಯಲ್ಲಿ ಅರ್ಜಿ ಕೊಡಿ. ವಂಶವೃಕ್ಷ ಬರೆಯುವಾಗ ಹೆಣ್ಣುಮಕ್ಕಳ ಹೆಸರನ್ನು ಬಿಡಬೇಡಿ. 2005ರ ತಿದ್ದುಪಡಿಯ ನಂತರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಪಿತ್ರಾರ್ಜಿತ ಆಸ್ತಿಯ ಮೇಲೆ ಮಗಳಿಗೂ ಮಗನಷ್ಟೇ ಹಕ್ಕಿದೆ. ಕೋಷ್ಟಕದಲ್ಲಿ ಸಾಲು ಇಲ್ಲದಿದ್ದರೆ ಆ ಹಕ್ಕು ಗಣಕಕ್ಕೆ ಕಾಣುವುದಿಲ್ಲ.

ಹೊಲವಿಲ್ಲದ ಮನೆಯ ಮಕ್ಕಳು ಶಾಲೆಯ ಗ್ರಂಥಾಲಯವನ್ನು ಆರಿಸಿಕೊಳ್ಳಬಹುದು. ಪುಸ್ತಕಗಳಿಗೆ ಒಂದು ಕೋಷ್ಟಕ, ವಿದ್ಯಾರ್ಥಿಗಳಿಗೆ ಒಂದು, ಯಾರು ಯಾವ ಪುಸ್ತಕವನ್ನು ಯಾವ ದಿನ ಒಯ್ದರು ಎಂಬುದಕ್ಕೆ ಕೊಂಡಿಯಾಗಿ ಮೂರನೆಯದು. ಪೆನ್ಸಿಲ್, ಅಳತೆಪಟ್ಟಿ, ನೋಟುಪುಸ್ತಕ ಇದ್ದರೆ ಸಾಕು. ಗಣಕವೇ ಬೇಕಿಲ್ಲ. ಪ್ರತಿ ಕೋಷ್ಟಕಕ್ಕೂ ಕೀಲಿ ಯಾವುದು, ಯಾವ ಸಂಗತಿ ಎರಡು ಕಡೆ ಬರೆದುಹೋಗಿದೆ ಎಂದು ಗುರುತಿಸಿ. ಇಷ್ಟು ಬಂದರೆ ಪಿಯುಸಿಯ ಆ ಪಾಠ ಅರ್ಧ ಮುಗಿದಂತೆಯೇ.